ಟ್ಯಾಂಕು ಹತ್ತಿ ಬಂದ ಸ್ನೇಹ

ಸುಧಾಕರನಿಗೆ ರಷ್ಯಾ ಎಂದರೆ ಹರೆಯದಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ದಪ್ಪ ಹಾಳೆಯ ಪುಸ್ತಕಗಳು. ಆ ಹಳೆಯ ದೇಶ ಒಡೆದುಹೋದ ಸುದ್ದಿ ಬೈಂದೂರಿನ ಅವನ ಹಾರ್ಡ್‌ವೇರ್ ಅಂಗಡಿಗೆ ತಲುಪಿತ್ತು, ಅವನ ಮನಸ್ಸಿಗೆ ತಲುಪಿರಲಿಲ್ಲ. ಹಾಗಾಗಿ ೨೦೧೫ರಲ್ಲಿ ಮಾಸ್ಕೋದ ಸಂಸ್ಥೆಯೊಂದು ‘ಸ್ನೇಹ ಚಿತ್ರೋತ್ಸವ’ಕ್ಕೆ ಊರು ಹುಡುಕುತ್ತಿದೆ, ಚೆನ್ನಾಗಿ ನಡೆಸಿಕೊಟ್ಟವರನ್ನು ಅಲ್ಲಿಗೇ ಕರೆಸಿಕೊಳ್ಳುತ್ತದೆ ಎಂದು ತಿಳಿದಾಗ ಅವನ ಕಲಾಪ್ರೇಮ ಉಕ್ಕಿ ಹರಿಯಿತು.

ಸಿನಿಮಾ ಯುದ್ಧದ್ದು. ದುಡ್ಡು ಸರ್ಕಾರದ್ದು, ಟ್ಯಾಂಕು ಸೇನೆಯದು. ರಷ್ಯಾದ ಸೈನಿಕರು ಪಕ್ಕದ ದೇಶಕ್ಕೆ ನುಗ್ಗುತ್ತಾರೆ. ತಪ್ಪಾಯಿತು, ಕಾಪಾಡಲು ಹೋಗುತ್ತಾರೆ. ಇವರು ಗುಂಡು ಹಾರಿಸಿದರೆ ಹಿನ್ನೆಲೆಯಲ್ಲಿ ಪಿಟೀಲು. ಆಚೆಯವರು ಬರೀ ಚಹಾ ಕುಡಿದರೂ ದುಷ್ಟರ ಹಾಗೇ ಕುಡಿಯುತ್ತಾರೆ.

ಗಂಗೊಳ್ಳಿಯ ಸಭಾಭವನದಲ್ಲಿ ಪ್ರದರ್ಶನ. ಸಿನಿಮಾದ ಮಾತುಗಳನ್ನೆಲ್ಲ ಸುಧಾಕರ ಇಂಗ್ಲಿಷ್ ಪ್ರತಿ ನೋಡಿ ಕನ್ನಡದಲ್ಲಿ ಬರೆದಿಟ್ಟಿದ್ದ. ಮೈಕಿನಲ್ಲಿ ಓದುವ ಕೆಲಸ ಅವನ ಹೆಂಡತಿ, ಹೈಸ್ಕೂಲು ಟೀಚರು ಪ್ರಫುಲ್ಲಾಳ ಪಾಲಿಗೆ ಬಂತು.

“ಇದ್ ಸಿನೆಮಾವಾ, ಎಲೆಕ್ಷನ್ ಭಾಷಣವಾ?” ಎಂದಳು ಅವಳು.

“ಬರ್ದದ್ ಓದ್, ಸಾಕ್,” ಎಂದ ಇವನು.

ಮಾಸ್ಕೋದಿಂದ ಬಂದ ಅತಿಥಿ ಮುಂದಿನ ಸಾಲಿನಲ್ಲಿ ಸುಧಾಕರನ ಪಕ್ಕವೇ ಕುಳಿತ. ಅರ್ಧ ಸಿನಿಮಾ ಪ್ರಫುಲ್ಲಾ ಬರೆದದ್ದನ್ನೇ ಓದಿದಳು. ಆಮೇಲೆ ಆ ದೃಶ್ಯ ಬಂತು: ಕೋಸಿನ ಹೊಲವನ್ನು ಅಪ್ಪಚ್ಚಿ ಮಾಡಿ ಟ್ಯಾಂಕು ನಿಲ್ಲುತ್ತದೆ, ಹೊಲದೊಡತಿ ಮುದುಕಿ ಓಡಿಬಂದು ಸೈನಿಕನನ್ನು ತಬ್ಬಿಕೊಳ್ಳುತ್ತಾಳೆ. ‘ಬಂದಿರಾ ಮಕ್ಕಳೇ, ನಿಮ್ಮ ದಾರಿ ಕಾದು ಕಣ್ಣು ಮಂಜಾಯಿತು’ ಎಂದು ಸುಧಾಕರ ಕಣ್ಣೀರಿಟ್ಟುಕೊಂಡೇ ಬರೆದಿದ್ದ.

ಪ್ರಫುಲ್ಲಾ ಹಾಳೆ ಕೆಳಗಿಟ್ಟಳು. “ನಿಮ್ಮನ್ ಕರ್ದದ್ ಯಾರ್ ಮಗಾ? ನನ್ ಗೆದ್ದೆ ಎಲ್ಲ ಹಾಳ್ ಮಾಡಿ ಈಗ ಅಪ್ಪಿಕೊಂಬುಕ್ ಬಂದದ್ದಾ?”

ಸಭಾಭವನ ನಗೆಯಲ್ಲಿ, ಚಪ್ಪಾಳೆಯಲ್ಲಿ ಮುಳುಗಿತು. ಮೀನು ಮಾರುವ ಮುತ್ತು ಎದ್ದು ನಿಂತು ಕೂಗಿದಳು: “ಹ್ವಾಯ್, ನಾಳೆ ನಮ್ಮನಿಗೂ ಬತ್ರಾ ಇವ್ರ್?”

ಅತಿಥಿ ಬಾಗಿ ಇಂಗ್ಲಿಷಿನಲ್ಲಿ ಕೇಳಿದ, “ಏನಂತೆ?”

“ತುಂಬ ಭಾವುಕರಾಗಿದ್ದಾರೆ ಸರ್,” ಎಂದ ಸುಧಾಕರ. ಅತಿಥಿ ಕರವಸ್ತ್ರ ತೆಗೆದು ತನ್ನ ಕಣ್ಣನ್ನೂ ಒರೆಸಿಕೊಂಡ.

ಮನೆಗೆ ಬಂದ ಮೇಲೆ ಸುಧಾಕರ ಎಗರಾಡಿದ. “ನನ್ನ ಮರ್ಯಾದಿ ತೆಗ್ದೆ ನೀನ್!”

“ನಾ ಮಕ್ಳಿಗ್ ಪಾಠ ಹೇಳುವಳ್. ಸುಳ್ಳ್ ಓದುಕ್ ಬಾಯೇ ಬರ್ಲಿಲ್ಲ, ಎಂತ ಮಾಡುದ್?” ಎಂದು ಅವಳು ಒಳಗೆ ಹೋದಳು.

ತಿಂಗಳೊಳಗೆ ಮಾಸ್ಕೋದ ಆಹ್ವಾನ ಬಂತು. ಬೇರೆಲ್ಲೂ ಪ್ರೇಕ್ಷಕರು ಇಷ್ಟು ಸ್ಪಂದಿಸಿರಲಿಲ್ಲವಂತೆ. ಪ್ರಫುಲ್ಲಾ ಬರುವುದಿಲ್ಲವೆಂದಳು, ಸುಧಾಕರ ಹೊಸ ಕೋಟು ಹೊಲಿಸಿಕೊಂಡು ಹೋದ. ಅಲ್ಲಿನ ವೇದಿಕೆಯಲ್ಲಿ, ನಿಮ್ಮ ಜನರ ಹೃದಯ ತಟ್ಟಿದ ದೃಶ್ಯ ಯಾವುದು ಎಂದು ಕೇಳಿದರು. “ಮುದುಕಿಯದ್ದು,” ಎಂದ. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಹೇಳಿದ್ದು ಸುಳ್ಳಲ್ಲವಲ್ಲ ಎಂದು ಅವನು ಹೋಟೆಲಿನಲ್ಲಿ ತನಗೆ ತಾನೇ ಎರಡು ಮೂರು ಸಲ ಸಮಾಧಾನ ಹೇಳಿಕೊಳ್ಳಬೇಕಾಯಿತು.

ಮರುವರ್ಷ ಇನ್ನೊಂದು ಸಿನಿಮಾ ಬಂತು, ಅದೇ ಹೆಂಗಸಿನ ದನಿಯೇ ಬೇಕೆಂಬ ಕೋರಿಕೆಯೊಂದಿಗೆ.

“ಓದ್ತೆ,” ಎಂದಳು ಪ್ರಫುಲ್ಲಾ, “ಆರೆ ಮಾತ್ ಬರಿಯೂದೂ ನಾನೇ.”

ಈ ಸಲದ ಆಹ್ವಾನ ಕಪ್ಪು ಸಮುದ್ರದ ದಂಡೆಯ ರೆಸಾರ್ಟಿಗೆ. ಹುಟ್ಟಿದಂದಿನಿಂದ ಸಮುದ್ರವನ್ನೇ ನೋಡುತ್ತ ಬೆಳೆದ ಸುಧಾಕರ, ಇನ್ನೊಂದು ಸಮುದ್ರ ನೋಡುವ ಆಸೆಯಿಂದ, ತೆಪ್ಪಗೆ ಒಪ್ಪಿಕೊಂಡ.