ಎರಡು ಬಟ್ಟಲು ಸೂಪು

"ತಿರುಗಿ ನೋಡಬೇಡ," ಎಂದಳು ಹಲ್ಲಿನ ಡಾಕ್ಟರ್, ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು. "ನಿನ್ನ ಹಿಂದೆ, ಕಿಟಕಿ ಪಕ್ಕದ ಮೇಜು. ನಿಮ್ಮ ಮನೆಯವರು."

ನೋಡಬೇಡ ಎಂದ ಮೇಲೆ ನೋಡದೆ ಇರಲು ಯಾರಿಂದ ತಾನೇ ಆಗುತ್ತದೆ? ಬ್ರೇಕಮ್ಮ ತಿರುಗಿದಳು. ಕಂಬದ ಆಚೆ, ಕಿಟಕಿಯ ಬಿಸಿಲಿಗೆ ಪಕ್ಕ ಕೊಟ್ಟು, ಅವಳ ಗಂಡ ಕೂತಿದ್ದ. ದೊಡ್ಡ ಕಟ್ಟಡವೊಂದರ ಲಿಫ್ಟು ಕೆಟ್ಟಿದೆ, ಮಧ್ಯಾಹ್ನ ಊಟಕ್ಕೆ ಬರುವುದಿಲ್ಲ ಎಂದು ಹೇಳಿ ಬೆಳಿಗ್ಗೆಯೇ ಹೊರಟಿದ್ದವನು. ಮೈಮೇಲೆ ಕೆಲಸದ ಅಂಗಿ ಇರಲಿಲ್ಲ. ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡಿದ್ದ. ಅದನ್ನು ಇಸ್ತ್ರಿ ಮಾಡಿದ್ದು ತಾನೇ ಎಂಬುದು ಅವಳಿಗೆ ನೆನಪಾಯಿತು.

ಬ್ರೇಕಮ್ಮ ಎಂಬುದು ಗೆಳತಿಯರು ಇಟ್ಟ ಹೆಸರು. ಅವಳು ಕಾರು ಓಡಿಸುವುದನ್ನು ಕಲಿಸುವ ಟೀಚರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ಅಭ್ಯಾಸವಾಗಿ, ಯಾರಾದರೂ ಜೋರಾಗಿ ಮಾತಾಡಿದರೂ ಕುರ್ಚಿಯ ಕೆಳಗೆ ಅವಳ ಬಲಗಾಲು ನೆಲ ಒತ್ತುತ್ತಿತ್ತು. ಹಲ್ಲಿನ ಡಾಕ್ಟರು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಅಂಚೆಯಕ್ಕ, ಇವಳು, ಮೂವರೂ ಒಂದು ಕಾಲಕ್ಕೆ ಒಂದೇ ವಠಾರದಲ್ಲಿದ್ದವರು. ಮನೆಗಳು ಬದಲಾದವು, ಸ್ನೇಹ ಬದಲಾಗಲಿಲ್ಲ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಅದುವರೆಗೆ ಯಾರೂ ಹೋಗಿರದ ಒಂದು ಹೋಟೆಲು ಹುಡುಕಿ ಹೋಗುವುದು, ಮೂವರೂ ಬೇರೆ ಬೇರೆ ತಿಂಡಿ ಹೇಳುವುದು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದು. ಇವತ್ತಿನ ಹೋಟೆಲು ಅಂಚೆಯಕ್ಕನ ಆಯ್ಕೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ನೆಲಮಾಳಿಗೆಯಲ್ಲಿ ಅಡುಗೆಮನೆ, ಮೇಲೆ ಊಟದ ಕೋಣೆ. ಹೊರಗಿನಿಂದ ನೋಡಿದರೆ ಹೋಟೆಲು ಎಂದು ಹೇಳುವ ಹಾಗೇ ಇರಲಿಲ್ಲ.

"ಎರಡು ಬಟ್ಟಲಿದೆ," ಎಂದಳು ಅಂಚೆಯಕ್ಕ ಪಿಸುದನಿಯಲ್ಲಿ. "ಮನುಷ್ಯ ಒಬ್ಬರೇ."

"ಇನ್ನೊಬ್ರು ಕೈ ತೊಳೆಯೋಕೆ ಹೋಗಿರ್ಬೇಕು," ಎಂದಳು ಡಾಕ್ಟರು.

"ಹಾಗಾದ್ರೆ ಅವರ ಬಟ್ಟಲಿಂದಲೂ ಇವರೇ ಯಾಕೆ ಕುಡೀತಿದಾರೆ?"

ನಿಜ. ಬ್ರೇಕಮ್ಮನ ಗಂಡ ಎಡಗಡೆಯ ಬಟ್ಟಲಿನಿಂದ ಒಂದು ಚಮಚ, ಬಲಗಡೆಯದರಿಂದ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮತ್ತೆ ನೀರು ಕುಡಿದು, ಅದನ್ನೇ ಮಾಡುತ್ತಿದ್ದ. ಎದುರಿನ ಕುರ್ಚಿ ಖಾಲಿ.

"ಕರೀಲಾ?" ಎಂದಳು ಡಾಕ್ಟರು.

"ಬೇಡ, ಇರು."

ಸಿಟ್ಟು ಬರಬೇಕಿತ್ತು. ಬರಲಿಲ್ಲ ಎಂಬುದೇ ಬ್ರೇಕಮ್ಮನಿಗೆ ಸೋಜಿಗ. ಮನೆಯಲ್ಲಿ ಈ ಮನುಷ್ಯ ತಟ್ಟೆಗೆ ಏನು ಬಿದ್ದರೂ ತಲೆ ತಗ್ಗಿಸಿ ಉಂಡು ಎದ್ದು ಹೋಗುವವನು. ಮದುವೆಯ ಮೊದಲ ವರ್ಷಗಳಲ್ಲಿ "ಹೇಗಿದೆ?" ಎಂದು ಕೇಳುತ್ತಿದ್ದಳು. "ಹೂಂ," ಎನ್ನುತ್ತಿದ್ದ. ಒಂದು ದಿನ ನೋಡೇಬಿಡೋಣ ಎಂದು ಬೇಕಂತಲೇ ಉಪ್ಪು ಹಾಕದೆ ಬಡಿಸಿದಳು. ಅದನ್ನೂ ಪೂರ್ತಿ ಉಂಡು, ಕೇಳಿದಾಗ "ಹೂಂ," ಎಂದ. ಅವತ್ತಿನಿಂದ ಅವಳು ಕೇಳುವುದನ್ನು ಬಿಟ್ಟಳು. ಕಾರಿಗೆ ಪೆಟ್ರೋಲು ಹಾಕಿಸಿದ ಹಾಗೆ ಅಡುಗೆಯೂ ಒಂದು ಕೆಲಸವಾಯಿತು. ಅಂಥವನು ಇಲ್ಲಿ ಕಣ್ಣು ಮುಚ್ಚಿಕೊಂಡು ಸೂಪು ಕುಡಿಯುತ್ತಿದ್ದಾನೆ.

ಅವನು ಕೈಯೆತ್ತಿ ವೇಟರನ್ನು ಕರೆದ. ಬಲಗಡೆಯ ಬಟ್ಟಲು ತೋರಿಸಿ ಏನೋ ಹೇಳಿದ. ಹಿರಿಯ ವಯಸ್ಸಿನ ಆ ವೇಟರು ನಗುತ್ತಾ ಮೆಟ್ಟಿಲಿಳಿದು ಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿರಬಹುದು, ಗಟ್ಟಿ ಮೈಕಟ್ಟು, ಮೊಣಕೈವರೆಗೂ ಮಡಚಿದ ಅಂಗಿಯ ತೋಳು, ಹೆಗಲ ಮೇಲೆ ಒಂದು ಒದ್ದೆ ಬಟ್ಟೆ. ಹೇಳದೆ ಕೇಳದೆ ಎದುರಿನ ಕುರ್ಚಿಯಲ್ಲಿ ಕೂತಳು.

"ಅಡುಗೆಯವರು," ಎಂದಳು ಅಂಚೆಯಕ್ಕ, ಒಂಥರಾ ನಿರಾಸೆಯಿಂದ.

ಬ್ರೇಕಮ್ಮನ ಗಂಡ ಮಾತಾಡತೊಡಗಿದ. ಬರೀ ಬಾಯಲ್ಲಲ್ಲ, ಎರಡೂ ಕೈ ಆಡಿಸಿ, ಚಮಚ ಎತ್ತಿ ತೋರಿಸಿ, ನಡುವೆ ಒಮ್ಮೆ ಹಣೆ ಬಡಿದುಕೊಂಡು. ಅಡುಗೆಯಾಕೆ ತಲೆ ಅಲ್ಲಾಡಿಸುತ್ತಿದ್ದಳು. ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಬ್ರೇಕಮ್ಮ ಎದ್ದು ನಿಂತಳು.

"ಇಲ್ಲಿ ಜಗಳ ಬೇಡ ಕಣೇ," ಎಂದಳು ಡಾಕ್ಟರು, ಅವಳ ಸೆರಗು ಹಿಡಿದು.

"ಜಗಳ ಯಾಕೆ? ಅಷ್ಟೊಂದು ಏನು ಮಾತಾಡ್ತಿದಾರೆ ಅಂತ ಕೇಳ್ಬೇಡ್ವಾ?"

ಆ ಮೇಜಿನ ಹತ್ತಿರ ಹೋಗಿ ನಿಂತು ಅವಳು, "ರೀ," ಎಂದಳು.

ಗಂಡ ತಲೆಯೆತ್ತಿದ. ಅವನ ಮುಖದ ಬಣ್ಣ ಇಳಿಯಿತು. ಚಮಚ ಬಟ್ಟಲಿನೊಳಗೆ ಜಾರಿತು. ಆದರೆ ಗಂಡನನ್ನು ಕರೆಯುವುದೂ ರೀ, ಬಸ್ಸಿನಲ್ಲಿ ಅಡ್ಡ ನಿಂತವರನ್ನು ಕರೆಯುವುದೂ ರೀ. ಅಡುಗೆಯಾಕೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ಏನು ಬೇಕಿತ್ತಮ್ಮಾ?" ಎಂದು ಆಕೆ ಕೇಳಿದಳು.

ಏನು ಹೇಳಬೇಕೆಂದು ಬ್ರೇಕಮ್ಮ ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದಳು. "ಆ ಮೇಜಿಂದ ಬಂದೆ. ನಾವೂ ಸೂಪು ಹೇಳೋಣ ಅಂತಿದ್ವಿ. ಇವರು ನೋಡಿದ್ರೆ ಏನೋ ಸರಿಯಿಲ್ಲ ಅಂತಿರೋ ಹಾಗಿತ್ತು. ಅದಕ್ಕೇ ಕೇಳೋಣ ಅಂತ."

"ಓ, ಇವರ ಮಾತು ಕೇಳಿದ್ರೆ ನೀವು ಊಟಾನೇ ಮಾಡಲ್ಲ," ಎಂದು ನಕ್ಕು ಅಡುಗೆಯಾಕೆ ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದು ಹಾಕಿದಳು. "ಬನ್ನಿ, ಕೂತ್ಕೊಳ್ಳಿ."

ಬ್ರೇಕಮ್ಮ ಗಂಡನ ಮುಖ ನೋಡಿದಳು. ಅವನು ಆ ಕುರ್ಚಿಯನ್ನೂ ಅವಳನ್ನೂ ನೋಡಿದ. ನಂತರ ನಿಧಾನವಾಗಿ, "ಕೂತ್ಕೊಳ್ಳಿ," ಎಂದ.

ಮದುವೆಗೆ ಮುಂಚೆ, ಪರಿಚಯ ಇನ್ನೂ ಹೊಸತಿದ್ದಾಗ ಇದ್ದ ಬಹುವಚನ ಅದು. ಆಮೇಲೆ ಅವನ ಬಾಯಲ್ಲಿ ಅವಳು ಅದನ್ನು ಕೇಳಿಯೇ ಇರಲಿಲ್ಲ. ಮೈಯಲ್ಲಿ ಏನೋ ಒಂದು ತಮಾಷೆಯ ಪುಳಕ ಹರಿದಾಡಿತು. ಅವಳು ಕೂತಳು.

"ಇವರು ಲಿಫ್ಟು ರಿಪೇರಿಯವರು," ಎಂದಳು ಅಡುಗೆಯಾಕೆ. "ಕೆಳಗಿಂದ ಊಟ ಮೇಲೆ ಕಳಿಸೋ ನಮ್ಮದೊಂದು ಪುಟ್ಟ ಲಿಫ್ಟಿದೆ. ಬೇಸಿಗೇಲಿ ಅದು ನಡುವೆ ಸಿಕ್ಕಾಕ್ಕೊಂಡು ಕೂತಿತ್ತು, ಒಳಗೆ ಸೂಪಿನ ಸಮೇತ. ಇವರು ಬಂದು ಬಿಡಿಸಿದ್ರು. ತಣ್ಣಗಾಗಿದೆ, ಚೆಲ್ಲಿಬಿಡ್ತೀನಿ ಅಂದೆ. ನಾನೇ ಕುಡೀತೀನಿ ಕೊಡಿ ಅಂದ್ರು. ಕುಡಿದು, ಕೊತ್ತಂಬರಿ ಕೊನೇಲಿ ಹಾಕಿದ್ರೆ ಚೆನ್ನಾಗಿರೋದು ಅಂದ್ರು. ಮೈಯೆಲ್ಲ ಉರೀತು ನನಗೆ. ರಾತ್ರಿ ಹಾಗೆ ಮಾಡಿ ನೋಡಿದೆ. ಸರಿಯಾಗೇ ಹೇಳಿದ್ರು."

ಗಂಡ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದ.

"ಅಷ್ಟು ನಾಲಗೆ ಇರೋರಿಗೆ," ಎಂದಳು ಬ್ರೇಕಮ್ಮ, ಅವನ ಕಡೆ ನೋಡಿ, "ಮನೆ ಊಟ ಹಿಡಿಸುತ್ತಾ?"

ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡಳು. ಆದರೆ ಪ್ರಶ್ನೆ ಕೇಳಿದವಳು ಅಪರಿಚಿತಳು ಎಂದುಕೊಳ್ಳುವುದೇ ಅವನಿಗೂ ಅನುಕೂಲವಾಯಿತೋ ಏನೋ, "ಹಿಡಿಸುತ್ತೆ," ಎಂದ. "ಎಲ್ಲಾ ದಿನ ಅಲ್ಲ."

"ಹಿಡಿಸದೇ ಇದ್ದ ದಿನ ಹೇಳ್ತೀರಾ?"

"ಇಲ್ಲ."

"ಯಾಕೆ?"

"ಒಂದ್ಸಲ ಹೇಳಿದ್ದೆ. ಮದುವೆಯಾದ ಹೊಸತು. ಕಾಳು ಇನ್ನೂ ಸ್ವಲ್ಪ ಬೇಯಬೇಕಿತ್ತು ಅಂದೆ. ನಮ್ಮನೆಯವಳು ಬೇಜಾರೇನೂ ಮಾಡ್ಕೊಳ್ಳಲಿಲ್ಲ, ನಕ್ಕಳು. ಆದ್ರೆ ಮಾರನೇ ದಿನದಿಂದ ಇನ್ನೂ ಕತ್ತಲಿರೋವಾಗಲೇ ಎದ್ದು ಒಲೆ ಹಚ್ಚೋಳು. ಆಮೇಲೆ ದಿನವೆಲ್ಲ ಹೊರಗೆ ದುಡೀಬೇಕು. ಸಂಜೆ ಬಂದ್ರೆ ಕೂತಲ್ಲೇ ತೂಕಡಿಸೋಳು. ನನ್ನ ಒಂದು ಮಾತಿಗೆ ಅವಳ ನಿದ್ದೆ ಹೋಯ್ತಲ್ಲ ಅನ್ನಿಸ್ತು. ಅವತ್ತಿಂದ ಬಾಯಿ ಮುಚ್ಕೊಂಡೆ."

ಬ್ರೇಕಮ್ಮ ನೆನಪು ಮಾಡಿಕೊಂಡಳು. ಕಾಳಿನ ಮಾತು ನೆನಪಿಗೆ ಬರಲಿಲ್ಲ. ಕತ್ತಲಲ್ಲಿ ಎದ್ದದ್ದು ಚೆನ್ನಾಗಿ ನೆನಪಿತ್ತು. ಆ ಚಳಿಗಾಲದಲ್ಲಿ ಡ್ರೈವಿಂಗ್ ಶಾಲೆಯವರು ಅವಳಿಗೆ ಬೆಳಗಿನ ಮೊದಲ ತರಗತಿ ಕೊಟ್ಟಿದ್ದರು. ಬೀದಿದೀಪ ಆರುವ ಮುಂಚೆ ಕಾರು ತೆಗೆಯಬೇಕಿತ್ತು. ಕುರ್ಚಿಯ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು.

"ಅವರು ಬೇರೆ ಯಾವುದಕ್ಕೋ ಬೇಗ ಎದ್ದಿರಬಹುದು," ಎಂದಳು. "ಕೆಲಸದ ಹೊತ್ತು ಬದಲಾಗಿರಬಹುದು."

ಅವನು ಅವಳನ್ನೇ ನೋಡಿದ. ತುಂಬ ಹೊತ್ತು ನೋಡಿದ.

"ಇರಬಹುದು," ಎಂದ. "ನಾನು ಕೇಳಲಿಲ್ಲ."

"ಅಷ್ಟು ಪಾಪ ಅನ್ನಿಸಿದ್ರೆ ನೀವೇ ಎದ್ದು ಬೇಯಿಸಬಹುದಿತ್ತಲ್ಲ?"

ಅಡುಗೆಯಾಕೆ ಮೇಜು ತಟ್ಟಿದಳು. "ಹಾಗೆ ಕೇಳಿ ಮತ್ತೆ. ನಾನೂ ಅದನ್ನೇ ಕೇಳಿದ್ದು. ನನಗೆ ನೀರು ಕಾಯಿಸೋಕೂ ಬರಲ್ಲ ಅಂದ್ರು. ಇಷ್ಟು ವಯಸ್ಸಾಗಿದೆ, ನಾಚಿಕೆಯಾಗಲ್ವಾ ಅಂದೆ. ಮುಂದಿನ ಶನಿವಾರ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು, ಕಲಿಸ್ಕೊಡಿ ಅಂತ. ಅವತ್ತಿಂದ ಬರ್ತಿದಾರೆ. ಕೆಳಗೆ ತಾವೇ ಒಂದು ಬಟ್ಟಲು ಮಾಡ್ತಾರೆ, ಪಕ್ಕಕ್ಕೆ ನಂದೊಂದು ಇಟ್ಕೊಳ್ತಾರೆ, ಮೇಲೆ ಬಂದು ಗಿರಾಕಿ ಥರ ಕೂತು ಎರಡನ್ನೂ ಕುಡೀತಾರೆ. ಆಮೇಲೆ ನನ್ನ ಕರೆಸಿ ತಮ್ಮ ಸೂಪನ್ನ ತಾವೇ ಬೈತಾರೆ."

"ಮನೇಲಿ ಗೊತ್ತಾ?" ಎಂದಳು ಬ್ರೇಕಮ್ಮ. ದನಿ ಸ್ವಲ್ಪ ತೆಳುವಾಗಿತ್ತು.

"ಇನ್ನೂ ಇಲ್ಲ," ಎಂದ ಅವನು. "ಮೊದಲು ಸರಿಯಾಗಲಿ ಅಂತ."

ಅಷ್ಟರಲ್ಲಿ ಅಡುಗೆಯಾಕೆಗೆ ಹೊಸ ಉಮೇದು ಬಂದಿತ್ತು. ಎರಡೂ ಬಟ್ಟಲುಗಳನ್ನು ಮೇಜಿನ ಮೇಲೆ ಹಿಂದೆ ಮುಂದೆ ಸರಿಸಿ, ಬ್ರೇಕಮ್ಮನ ಮುಂದಿಟ್ಟಳು. "ನೀವು ಹೊಸಬರು. ನಿಮ್ಮ ನಾಲಗೆಗೆ ದಾಕ್ಷಿಣ್ಯ ಇಲ್ಲ. ಕುಡಿದು ಹೇಳಿ, ಯಾವುದು ಯಾರದು ಅಂತ."

ಬ್ರೇಕಮ್ಮ ಮೊದಲನೆಯ ಬಟ್ಟಲಿನಿಂದ ಒಂದು ಚಮಚ ಕುಡಿದಳು. ಆರಿದ್ದರೂ ಚೆನ್ನಾಗಿತ್ತು, ಎಲ್ಲವೂ ಒಂದರೊಳಗೊಂದು ಸೇರಿಕೊಂಡಿದ್ದವು. ಎರಡನೆಯದನ್ನು ಕುಡಿದಳು. ಕೆಲವು ಕಾಳು ಕರಗಿ ಹೋಗಿತ್ತು, ಕೆಲವು ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿತು. ಈರುಳ್ಳಿ ಸೀದಿತ್ತು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಮೆಣಸು ಗಂಟಲಿಗೆ ಬಂದು ಬಡಿಯಿತು. ಯಾವುದು ಯಾರದೆಂದು ಮಗುವೂ ಹೇಳಬಹುದಿತ್ತು.

ಹೇಳಲೆಂದು ತಲೆಯೆತ್ತಿದಳು. ಗಂಡ ಅವಳ ಚಮಚವನ್ನೇ ನೋಡುತ್ತಿದ್ದ. ಉಸಿರು ಬಿಗಿಹಿಡಿದು, ಎರಡೂ ಅಂಗೈಯನ್ನು ಮೇಜಿಗೆ ಒತ್ತಿಕೊಂಡು. ಮೊದಲ ದಿನ ಕಾರು ನಿಲ್ಲಿಸಿದ ಮೇಲೂ ಸ್ಟೇರಿಂಗು ಬಿಡದೆ ಕೂರುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಅಂಥ ಮುಖಗಳಿಗೆ ಅವಳು ಎಷ್ಟೋ ಸಲ ಯಾವ ಮುಲಾಜೂ ಇಲ್ಲದೆ ತಪ್ಪು ಹೇಳಿದ್ದಾಳೆ. ಈಗ ಹಾಗೆ ಹೇಳಲು ಮನಸ್ಸಾಗಲಿಲ್ಲ.

"ಹೂಂ," ಎಂದಳು.

"ಹೂಂ ಅಂದ್ರೆ?" ಎಂದ ಅವನು.

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಂಬದ ಆಚೆಯಿಂದ ಇಬ್ಬರು ಗೆಳತಿಯರೂ ಕತ್ತು ಚಾಚಿದರು. ಅವಳು ಕಣ್ಣೊರೆಸಿಕೊಂಡು, ಇನ್ನೊಂದು ಚಮಚ ಕುಡಿದು, "ಈ ಬಟ್ಟಲು ನಿಮ್ಮದು," ಎಂದಳು. "ಈರುಳ್ಳಿ ಸೀದಿದೆ. ಕಾಳು ಕೆಲವು ಬೆಂದಿಲ್ಲ. ಮೆಣಸು ಒಂದೇ ಸಲ ಸುರಿದಿದೀರಿ."

ಅವನು ಮುಂದಕ್ಕೆ ಬಗ್ಗಿದ. ಮುಖದ ಮೇಲಿದ್ದ ಬಿಗಿಯೆಲ್ಲ ಹೋಗಿ, ಅದರ ಜಾಗದಲ್ಲಿ ತೀರದ ಕುತೂಹಲ ಮಾತ್ರ ಉಳಿದಿತ್ತು.

"ಈರುಳ್ಳಿ ಜಾಸ್ತಿ ಸೀದಿದೆ ಅಂತೀಯಾ, ಬರೀ ಅಂಚು ಕಪ್ಪಾಗಿದ್ಯಾ? ನಿನಗೆ ಮೊದಲು ಯಾವುದು ಬಾಯಿಗೆ ಹತ್ತಿತು?"

ಹೆಗಲ ಮೇಲಿನ ಬಟ್ಟೆ ತೆಗೆಯಲು ಹೋಗಿದ್ದ ಅಡುಗೆಯಾಕೆಯ ಕೈ ಅಲ್ಲೇ ನಿಂತಿತು. ಆಕೆ ಅವನ ಮುಖ ನೋಡಿದಳು, ಅವಳ ಮುಖ ನೋಡಿದಳು. ತನ್ನ ಬಟ್ಟಲನ್ನು ಮಾತ್ರ ಎತ್ತಿಕೊಂಡು, "ಬ್ರೆಡ್ಡು ಕಳಿಸ್ತೀನಿ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಇಬ್ಬರೇ ಉಳಿದರು. ಪಕ್ಕದ ಮೇಜಿನವರು ಎದ್ದು ಹೋದರು. ಹಿರಿಯ ವೇಟರು ಬ್ರೆಡ್ಡು ತಂದಿಟ್ಟು, ಇನ್ನೊಂದು ಚಮಚವನ್ನೂ ಇಟ್ಟು ಹೋದ. ಬ್ರೆಡ್ಡಿಗೆ ಕೈ ಚಾಚಿದಾಗ ಗಂಡನ ಶರ್ಟಿನ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಒಳಗಡೆ ಉದ್ದಕ್ಕೊಂದು ಕೆಂಪು ಗೆರೆಯಿತ್ತು, ಇನ್ನೂ ಹೊಸತು.

"ಇದೇನ್ರೀ?" ಎಂದಳು.

"ಪಾತ್ರೆ ಅಂಚು ತಾಗಿತು."

"ಏನಾದ್ರೂ ಹಚ್ಚಿದ್ರಾ?"

"ತಣ್ಣೀರಲ್ಲಿ ಹಿಡಿದೆ."

ಅವಳು ಅವನ ಕೈಯನ್ನು ತನ್ನ ಕಡೆಗೆ ತಿರುಗಿಸಿ, ಬೆಳಕಿಗೆ ಹಿಡಿದು, ಗೆರೆಗೆ ಬೆರಳು ತಾಗದ ಹಾಗೆ ನೋಡಿದಳು. ಆಮೇಲೆ ಬಿಟ್ಟು, ಒಂದು ತುಂಡು ಬ್ರೆಡ್ಡು ಮುರಿದು, ಅವನ ಸೀದ ಸೂಪಿನೊಳಗೆ ಅದ್ದಿದಳು.