ರೀಲು ನುಂಗುವ ನಾನೂ ಮೈಕು ಹಿಡಿದ ಕೊಟ್ರಪ್ಪನೂ

ನಾನು ಒಂದು ವಿಸಿಆರ್. ಈಗಿನ ಮಕ್ಕಳು ಈ ಹೆಸರು ಕೇಳಿದರೆ ಯಾವುದೋ ಮಾತ್ರೆ ಅಂದುಕೊಳ್ಳುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ: ವಿಡಿಯೋ ಕ್ಯಾಸೆಟ್ಟನ್ನು ಹೊಟ್ಟೆಗೆ ಹಾಕಿಕೊಂಡು ಟಿವಿಯಲ್ಲಿ ಸಿನಿಮಾ ತೋರಿಸುವ ಪೆಟ್ಟಿಗೆ ನಾನು. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ, ಬಿಳಿ ಕೈಗವಸು ತೊಟ್ಟ ಹೆಣ್ಣುಮಕ್ಕಳ ಕೈಯಲ್ಲಿ. ಅಲ್ಲಿಂದ ಕುವೈತಿಗೆ ಹೋದೆ. ಅಲ್ಲಿ ದುಡಿಯುತ್ತಿದ್ದ ಒಬ್ಬ ಪುಣ್ಯಾತ್ಮನ ಕಂಬಳಿಯೊಳಗೆ ಸುತ್ತಿಕೊಂಡು ೧೯೮೫ರಲ್ಲಿ ದಾವಣಗೆರೆಗೆ ಬಂದಿಳಿದೆ. ಇಲ್ಲಿಯವರು ನನ್ನನ್ನು ಡೆಕ್ಕು ಅಂತ ಕರೆದರು. ಆಗ ನನ್ನ ಮೈ ಎಷ್ಟು ಮಿರಮಿರ ಮಿಂಚುತ್ತಿತ್ತು ಅಂತೀರಿ!

ನನ್ನನ್ನು ಕೊಂಡವನು ಕೊಟ್ರಪ್ಪ, ಹತ್ತಿ ಮಿಲ್ಲಿನ ಕೆಲಸಗಾರ. ಭಾನುವಾರ ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಚಾಪೆ ಹಾಸಿದರೆ ಸಾಕು, ಮಿಲ್ಲಿನ ಚಾಳೆಲ್ಲ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಬಂದು ಕೂರುತ್ತಿತ್ತು. ಕನ್ನಡ ಸಿನಿಮಾವನ್ನು ಟಾಕೀಸಿನಲ್ಲೇ ನೋಡಬಹುದಿತ್ತಲ್ಲ, ಇಲ್ಲಿಗೆ ಅವರು ಬರುತ್ತಿದ್ದುದು ಹಾಲಿವುಡ್ಡಿಗೆ. ಆ ಕಾಲದ ಹಾಲಿವುಡ್ ಏನು ಕಡಿಮೆಯೇ? ಬರೀ ಬನಿಯನ್ನಿನಲ್ಲಿ ನಿಂತು ಹೆಲಿಕಾಪ್ಟರ್ ಉರುಳಿಸುವ ಗಂಡಸರು, ಗುಬ್ಬಿಗೂಡಿನಷ್ಟು ಕೂದಲು ಎಬ್ಬಿಸಿಕೊಂಡ ಹೆಂಗಸರು, ಒಂದರ ಮೇಲೊಂದು ಬಿದ್ದು ಉರಿಯುವ ಕಾರುಗಳು, ಎಲ್ಲಿ ನೋಡಿದರೂ ಹೊಗೆ, ಹೊಗೆಯೊಳಗೆ ನೀಲಿ ಬೆಳಕು. ಅದೆಲ್ಲ ನನ್ನ ಹೊಟ್ಟೆಯಿಂದಲೇ ಹೊರಟು ಹೋದದ್ದು. ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ಇಂಗ್ಲಿಷ್ ಮಾತ್ರ ಅಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಅದಕ್ಕೆ ಕೊಟ್ರಪ್ಪ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಸಿನಿಮಾ ಓಡುತ್ತಿದ್ದಂತೆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. "ಕುಂತ್ಕಳ್ರಪ್ಪಾ, ಹೇಳ್ತೀನಿ" ಅಂತಲೇ ಶುರು. ಅವನಿಗಾದರೂ ಇಂಗ್ಲಿಷ್ ಎಲ್ಲಿ ಬರಬೇಕು? ಪರದೆಯ ಮೇಲಿನ ಪೊಲೀಸ್ ಸಾಹೇಬ ಕೂಗಾಡಿದರೆ, ಹೀರೋ ಹಬ್ಬಕ್ಕೆ ರಜೆ ಕೇಳಿದ್ದಾನೆ, ಇವನು ಕೊಡುತ್ತಿಲ್ಲ ಅನ್ನುತ್ತಿದ್ದ. ಜನ ಆ ಸಾಹೇಬನಿಗೆ ಹಿಡಿಶಾಪ ಹಾಕುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಾನು ಒಳಗೊಳಗೇ ನಗುತ್ತಿದ್ದೆ.

ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡ ಸಿನಿಮಾ ಒಂದೇ. ಮೋಟಾರ್ ಬೈಕಿನಲ್ಲಿ ಕಂದಕ ಹಾರುವ ಸರ್ಕಸ್ಸಿನವನೊಬ್ಬ, ಮನೆಯಿಂದ ಒಂದು ಕಾಗದ ಬಂದ ಮೇಲೆ, ಮರುಭೂಮಿ ದಾಟಿ ಅವ್ವನ ಊರಿಗೆ ಹೊರಡುವ ಕಥೆ. ಅದನ್ನು ಹೇಳೀ ಹೇಳೀ ಕೊಟ್ರಪ್ಪನ ಗಂಟಲು ಕಟ್ಟಿತು. ಆಗ ಅವನ ಕಣ್ಣಿಗೆ ಬಿದ್ದದ್ದು ನನ್ನ ಮುಖದ ಮೇಲಿನ ಒಂದು ಗುಂಡಿ. ಮೈಕು ಸಿಕ್ಕಿಸಿ ಅದನ್ನು ಒತ್ತಿದರೆ ನಮ್ಮ ಮಾತು ಕ್ಯಾಸೆಟ್ಟಿನಲ್ಲಿ ಸೇರುತ್ತದೆ. ತನ್ನ ಕನ್ನಡ ಅವರ ಇಂಗ್ಲಿಷಿನ ಪಕ್ಕದಲ್ಲಿ ಹೋಗಿ ಕೂರುತ್ತದೆ ಅಂದುಕೊಂಡ ಮಹಾರಾಯ. ಒತ್ತಿ, ಅರ್ಧ ಗಂಟೆ ಹೇಳಿ, ಹಿಂದಕ್ಕೆ ತಿರುಗಿಸಿ ನೋಡಿದರೆ ಇಂಗ್ಲಿಷ್ ಪೂರಾ ಅಳಿಸಿಹೋಗಿತ್ತು. ಬೈಕು ಸದ್ದಿಲ್ಲದೆ ಹಾರುತ್ತಿತ್ತು, ಬಂದೂಕು ಸದ್ದಿಲ್ಲದೆ ಸಿಡಿಯುತ್ತಿತ್ತು.

ಕೊಟ್ರಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅವನ ಹೆಂಡತಿ ಹಾಲಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಅಡುಗೆಮನೆಯಿಂದ ಹಿತ್ತಾಳೆ ತಟ್ಟೆ ತಂದಳು. ಸದ್ದು ತಾನು ಮಾಡುತ್ತೇನೆ, ನೀವು ಕಥೆ ಹೇಳಿ ಅಂದಳು. ತಟ್ಟೆ ಬಡಿದರೆ ಗುಡುಗು, ಮೊರಕ್ಕೆ ಸೌಟು ಕುಟ್ಟಿದರೆ ಗುಂಡು, ಬೈಕಿಗೆ ಕೊಟ್ರಪ್ಪನ ಬಾಯಿಯೇ ಗತಿ. ಹಾಗೆ ಇಡೀ ಸಿನಿಮಾ ತುಂಬಿಸಿದರು. ನಡುನಡುವೆ ಹಾಲಮ್ಮನ ನಗುವೂ ಅದರಲ್ಲಿ ಸೇರಿಕೊಂಡಿತು.

ಆಮೇಲೆ ಮನೆಮನೆಗೆ ಕೇಬಲ್ ಬಂತು, ನಾನು ಅಟ್ಟ ಸೇರಿದೆ. ಮಗ ಒಮ್ಮೆ ನನ್ನನ್ನು ಗುಜರಿಗೆ ಹಾಕಲು ಹೊರಟಿದ್ದ, ಕೊಟ್ರಪ್ಪ ಬಿಡಲಿಲ್ಲ. ಮುಂದೆ ಹಾಲಮ್ಮ ತೀರಿಕೊಂಡಳು. ಕೆಲವು ವರ್ಷಕ್ಕೆ ಕೊಟ್ರಪ್ಪನ ಗಂಟಲಲ್ಲಿ ಗಡ್ಡೆ ಎದ್ದು, ಆಪರೇಷನ್ ಆಗಿ, ಜೀವ ಉಳಿಯಿತು, ದನಿ ಹೋಯಿತು. ಅವತ್ತಿನಿಂದ ಅವನ ಮಾತೆಲ್ಲ ಒಂದು ಸ್ಲೇಟಿನ ಮೇಲೆ. ಅಷ್ಟು ಮಾತಾಡುತ್ತಿದ್ದವನ ಮನೆಯಲ್ಲಿ ಬಳಪದ ಸದ್ದು ಮಾತ್ರ ಕೇಳುವಾಗ ನನಗೆ ಅಟ್ಟದ ಮೇಲೆ ಸಂಕಟವಾಗುತ್ತಿತ್ತು.

ಮೊಮ್ಮಗಳು ಪ್ರಣತಿ ಹುಟ್ಟಿದ್ದು ಇದೆಲ್ಲ ಆದ ಮೇಲೆ. ಹನ್ನೆರಡು ತುಂಬಿದ ಹುಡುಗಿ ಒಂದು ದಿನ ಅಜ್ಜನ ದನಿ ಹೇಗಿತ್ತು ಅಂತ ಕೇಳಿದಳು. ಅಪ್ಪ ಗಡಸು ಅಂದ, ಪಕ್ಕದ ಮನೆಯವರು ಇಂಪು ಅಂದರು. ಕೊಟ್ರಪ್ಪ ಎದ್ದು, ಟ್ರಂಕಿನ ತಳದಿಂದ ಆ ಕ್ಯಾಸೆಟ್ ತೆಗೆದು ಅವಳ ಕೈಗಿಟ್ಟ.

ನನ್ನನ್ನು ಇಳಿಸಿದರು. ರೇಡಿಯೋ ರಿಪೇರಿಯ ಸಾದಿಕ್ ಬಂದು ನನ್ನ ಹೊಟ್ಟೆ ಬಿಚ್ಚಿದ. ಹಲ್ಲಿ ಮೊಟ್ಟೆ ತೆಗೆದ, ಸ್ಪಿರಿಟ್ ಹಚ್ಚಿ ಒರೆಸಿದ. ರೀಲು ತಿರುಗಿಸುವ ರಬ್ಬರ್ ಬೆಲ್ಟು ಬಿರುಕು ಬಿಟ್ಟಿತ್ತು, ಹೊಸದು ಎಲ್ಲೂ ಸಿಗುವುದಿಲ್ಲ.

"ಒಂದ್ಸಲ ಓಡಬೋದು ಕಣವ್ವ," ಅಂದ ಪ್ರಣತಿಗೆ. "ಇಲ್ಲಾಂದ್ರೆ ರೀಲು ನುಂಗಿಬಿಡ್ತದೆ. ಆಮೇಲೆ ನನ್ನ ಕೇಳ್ಬೇಡ."

ಸುಳ್ಳೇಕೆ, ನನ್ನ ಕಾಲದಲ್ಲಿ ಹತ್ತಾರು ರೀಲು ಒಳಗೆ ಸಿಕ್ಕಿಸಿ ಹರಿದು ನುಂಗಿದ ಪಾಪಿ ನಾನು. ಇದನ್ನೊಂದು ನುಂಗಿದರೆ ಆ ಮಗುವಿಗೆ ಅಜ್ಜನ ದನಿ ಈ ಜನ್ಮಕ್ಕೆ ಇಲ್ಲ.

ಪ್ರಣತಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಕ್ಯಾಸೆಟ್ ಒಳಗೆ ತಳ್ಳಿದಳು. ಟಿವಿಯಲ್ಲಿ ಮರಳು ಸುರಿದಂತೆ ಚುಕ್ಕೆಗಳು ಬಂದವು. ಅದರ ಹಿಂದಿನಿಂದ, "ಕುಂತ್ಕಳ್ರಪ್ಪಾ, ಹೇಳ್ತೀನಿ."

ಹುಡುಗಿ ಅಜ್ಜನ ಮುಂಗೈ ಹಿಡಿದಳು. ಗಡಸೂ ಅಲ್ಲ, ಇಂಪೂ ಅಲ್ಲ, ಸ್ವಲ್ಪ ಮೂಗಿನಿಂದ ಬರುವ ಅವಸರದ ದನಿ. ಕೊಟ್ರಪ್ಪನ ತುಟಿಗಳು ಅದರ ಜೊತೆಗೇ ಆಡುತ್ತಿದ್ದವು. ಗುಡುಗು ಬಡಿದು ಹಾಲಮ್ಮ ನಕ್ಕಾಗ ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಬೈಕು ಕಂದಕ ಹಾರುವಾಗ ಬೆಲ್ಟು ಜಾರಿತು, ಚಿತ್ರ ಓಲಾಡಿತು. ಇರೋ ಶಕ್ತಿಯೆಲ್ಲ ಹಾಕಿ ಹಿಡಿದುಕೊಂಡೆ.

ಅಷ್ಟರಲ್ಲಿ ಪರದೆಯ ತುಂಬ ಆ ಕಾಗದ ಬಂತು. ಅವ್ವ ರೊಟ್ಟಿ ಬಡಿದು ಕಾಯ್ತಾ ಅವ್ಳೆ, ಲಗೂನ ಬಾ ಅಂತ ಬರೆದೈತೆ, ಅಂದಿತು ಕೊಟ್ರಪ್ಪನ ದನಿ. ಇಂಗ್ಲಿಷ್ ಶಾಲೆಗೆ ಹೋಗುವ ಪ್ರಣತಿ ಓದಿಕೊಂಡಳು.

"ಅಜ್ಜಾ, ಅದ್ರಲ್ಲಿ ಹಂಗೆ ಬರ್ದಿಲ್ಲ. ನೀನು ಬರಬೇಡ, ಈ ಮನೇಲಿ ನಿಂಗೆ ಜಾಗ ಇಲ್ಲ ಅಂತ ಐತೆ."

ಕೊಟ್ರಪ್ಪ ಸ್ಲೇಟು ಎಳೆದುಕೊಂಡು ಬರೆದ: "ಗೊತ್ತಿತ್ತು. ಆ ಅಕ್ಷರ ನೋಡಿ ಬರ್ಕಂಡು ಪೋಸ್ಟ್ ಆಫೀಸಿಗೆ ಒಯ್ದಿದ್ದೆ, ಪೋಸ್ಟ್ ಮಾಸ್ತರು ಓದಿ ಹೇಳಿದ್ರು. ಪಾಳಿ ಮುಗ್ಸಿ ದಣಿದು ಬಂದೋರಿಗೆ ಅದನ್ನ ಹೆಂಗೆ ಹೇಳ್ಲವ್ವ?"

ಮೂವತ್ತೆಂಟು ವರ್ಷ ಪಕ್ಕದಲ್ಲಿದ್ದೂ ನನಗಿದು ತಿಳಿದಿರಲಿಲ್ಲ. ಎಡವಟ್ಟ ಅಂತ ನಕ್ಕದ್ದಕ್ಕೆ ನಾಚಿಕೆಯಾಯಿತು.

ಕೊನೆಯಲ್ಲಿ ಸರ್ಕಸ್ಸಿನವನು ಮನೆ ತಲುಪುತ್ತಾನೆ, ಮುಚ್ಚಿದ ಬಾಗಿಲು ಬಡಿಯುತ್ತಾನೆ, ಯಾರೂ ತೆಗೆಯದೆ ತಿರುಗಿ ಹೋಗುತ್ತಾನೆ. "ಅವ್ವ ನೀರಿಗೆ ಹೋಗ್ಯಾಳೆ," ಅಂದಿತು ಅಜ್ಜನ ದನಿ, "ಕೊಡ ಭಾರ ಅಲ್ವಾ, ಎತ್ಕಂಬರಾಕೆ ಹೊಂಟ." ಹುಡುಗಿ ಅಳುತ್ತಲೇ ನಕ್ಕಳು.

ಅಕ್ಷರಗಳು ಮೇಲೇರಿದವು. ರೀಲು ಮುಗಿಯಿತು. ಆಮೇಲೆಯೇ ನನ್ನೊಳಗೆ ಬೆಲ್ಟು ಪಟ್ಟನೆ ಹರಿಯಿತು.

ಈಗ ನಾನು ಕೊಟ್ರಪ್ಪನ ಮಂಚದ ಪಕ್ಕದ ಗೂಡಿನಲ್ಲಿದ್ದೇನೆ. ಇನ್ನು ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ. ಪ್ರಣತಿ ಶಾಲೆಯಿಂದ ಬಂದವಳೇ ಮೊಬೈಲ್ ಹಚ್ಚುತ್ತಾಳೆ. ಕುಂತ್ಕಳ್ರಪ್ಪಾ, ಹೇಳ್ತೀನಿ ಅನ್ನುತ್ತದೆ ಆ ದನಿ.

ಕುಂತೇ ಇದ್ದೀನಿ ಕೊಟ್ರಪ್ಪ, ಹೇಳು.