ವೈಂಡಿಂಗ್ ಅಣ್ಣನ ಬೆಂಕಿ

ಸುಟ್ಟ ಮೋಟಾರು ಎಂದರೆ ಊರಿಗೆಲ್ಲ ವೈಂಡಿಂಗ್ ಅಣ್ಣನೇ ನೆನಪಾಗಬೇಕು. ಯಾರ ಮನೆಯ ಪಂಪು ನಿಂತರೂ, ಯಾರ ಹಿಟ್ಟಿನ ಗಿರಣಿ ಹೊಗೆಯಾಡಿದರೂ ಮೋಟಾರು ನೇರವಾಗಿ ಅವನ ಅಂಗಡಿಗೇ ಬರುತ್ತಿತ್ತು. ಅಂಗಡಿಯೊಳಗೆ ವಾರ್ನಿಷ್ ವಾಸನೆ, ಮೊಳೆಗಳಿಗೆ ನೇತುಹಾಕಿದ ತಾಮ್ರದ ತಂತಿಯ ಸುರುಳಿಗಳು, ಬಂದವರು ಕೂರಲು ಒಂದು ಕುಂಟು ಬೆಂಚು. ಮೋಟಾರಿನ ಒಳಗೆ ಹೊಸ ತಂತಿ ಸುತ್ತುವುದರಲ್ಲಿ ಅವನದು ಎತ್ತಿದ ಕೈ.

ಅದಕ್ಕಿಂತ ದೊಡ್ಡ ಹೆಮ್ಮೆ ಅವನಿಗೆ ಹಳೆಯ ತಂತಿ ಬಿಚ್ಚುವುದರಲ್ಲಿತ್ತು. ಬೇರೆಯವರು ಸುಟ್ಟು ಅಂಟಿಕೊಂಡ ತಂತಿಯನ್ನು ಕೆರೆದು ಕೆರೆದು ಅರ್ಧ ದಿನ ಕಳೆಯುತ್ತಿದ್ದರು. ಇವನು ಮೋಟಾರಿನ ಕಬ್ಬಿಣದ ಗೂಡನ್ನು ಹಿತ್ತಲಿಗೆ ಒಯ್ದು, ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸುತ್ತಿದ್ದ. ಆಮೇಲೆ ಇಕ್ಕಳದಿಂದ ಒಂದೇ ಎಳೆತ, ತಂತಿಯ ಕಟ್ಟಿಗೆ ಕಟ್ಟೇ ಈಚೆ ಬರುತ್ತಿತ್ತು. ನಿಂತು ನೋಡಿದವರು ಭೇಷ್ ಅನ್ನುತ್ತಿದ್ದರು. ಅಣ್ಣ ಮೀಸೆಯ ಮರೆಯಲ್ಲೇ ನಗುತ್ತಿದ್ದ.

ಅಂಥವನು ಅವತ್ತು ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದ.

"ಏನಾಯ್ತು ರೀ?" ಹೆಂಡತಿ ಟೀ ಲೋಟ ಮುಂದಿಟ್ಟಳು.

"ಐಸ್ ಫ್ಯಾಕ್ಟರಿ ಸಾಹುಕಾರ್ರು ಇನ್ಮೇಲೆ ನಂಗೆ ಮೋಟಾರು ಕೊಡಲ್ವಂತೆ. ನಾನು ಕಟ್ಟಿದ ಮೋಟಾರು ಕರೆಂಟು ಕುಡಿಯುತ್ತಂತೆ! ಬಿಲ್ಲು ಜಾಸ್ತಿ ಬಂದ್ರೆ ಅದಕ್ಕೂ ನಾನೇ ಹೊಣೆನಾ?"

ಅಂಗಡಿಯ ಅರ್ಧ ಕೆಲಸ ಐಸ್ ಫ್ಯಾಕ್ಟರಿಯದು. ಅದು ಕೈತಪ್ಪಿದರೆ ಬಾಗಿಲಿಗೆ ಬೀಗ ಹಾಕುವುದೊಂದೇ ಉಳಿಯುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಹೆಂಡತಿಯ ತಮ್ಮನೂ ಮನೆಯಲ್ಲಿದ್ದ. ಅವನದು ಊರೂರು ಸುತ್ತುವ ಕೆಲಸ. ಫ್ಯಾಕ್ಟರಿ, ಆಸ್ಪತ್ರೆ, ದೊಡ್ಡ ದೊಡ್ಡ ಅಂಗಡಿಗಳಿಗೆ ಹೋಗಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಮೀಟರು ಹಿಡಿದು ಹುಡುಕಿ, ಅದನ್ನು ಸರಿಪಡಿಸಿಕೊಡುವುದು. ಅಣ್ಣ ಮಾತ್ರ ಅವನಿಗೆ 'ಸ್ವಿಚ್ ಆರಿಸೋನು' ಎಂದು ಹೆಸರಿಟ್ಟಿದ್ದ. ಭಾವಮೈದ ಬಂದಿದ್ದು ಅಕ್ಕನ ಮಗಳ ವಿಷಯ ಮಾತಾಡಲು. ಹುಡುಗಿ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ ಮನೆಯಲ್ಲಿದ್ದಳು. ವಿದ್ಯುತ್ ಉಳಿತಾಯದ ತರಬೇತಿಗೆ ಸೇರುತ್ತೇನೆ ಎಂದು ಅವಳು, ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಹೋಗು ಎಂದು ಅಪ್ಪ. ತರಬೇತಿಗೆ ಸೇರುವ ಗಡುವು ಮುಗಿಯುತ್ತಾ ಬಂದಿತ್ತು.

"ಭಾವ, ಈ ವಾರ ಹೆಸರು ಬರೆಸ್ಲೇಬೇಕು," ಎಂದು ಭಾವಮೈದ ಶುರು ಮಾಡಿದ.

"ಬಂದ್ಯಾ ನೀನೂ?" ಅಣ್ಣನಿಗೆ ಸಿಟ್ಟು ತೀರಿಸಿಕೊಳ್ಳಲು ಒಬ್ಬ ಸಿಕ್ಕಂತಾಯಿತು. "ಅಲ್ಲಯ್ಯ, ಕರೆಂಟು ಉಳಿಸೋದೂ ಒಂದು ಕಸುಬಾ? ಫ್ಯಾನು ಆರಿಸೋಕೆ ಯಾರಾದ್ರೂ ಸಂಬಳ ಕೊಡ್ತಾರಾ? ಹಾಗಿದ್ರೆ ನಿಮ್ಮಕ್ಕ ಇಷ್ಟೊತ್ತಿಗೆ ಬಂಗಲೆ ಕಟ್ಟಿರೋಳು. ದಿನಾ ನನ್ನ ಹಿಂದೆ ಲೈಟು ಆರಿಸ್ಕೊಂಡೇ ಬರ್ತಾಳೆ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಭಾವಮೈದನೂ ನಕ್ಕ. "ಕೊಡ್ತಾರೆ ಭಾವ. ಯಾಕೆ ಕೊಡ್ತಾರೆ ಕೇಳಿ. ಒಂದು ಫ್ಯಾಕ್ಟರಿಲಿ ತಿಂಗಳು ತಿಂಗಳು ಪೋಲಾಗೋದನ್ನ ನಾವು ನಿಲ್ಲಿಸಿದ್ರೆ, ಆ ಉಳಿತಾಯದಲ್ಲೇ ನಮ್ಮ ಕೂಲಿ ಹುಟ್ಟುತ್ತೆ. ಅವರು ಕೈಯಿಂದ ಹಾಕಿದ ಹಾಗೂ ಆಗಲ್ಲ."

"ಮಾವ, ಸಂಬಳದ್ದೂ ಸರಿಯಾಗಿ ಹೇಳಿ," ಎಂದಳು ಮಗಳು. "ಆಮೇಲೆ ಅಪ್ಪ ನನ್ನನ್ನ ಆಡ್ಕೋಬಾರ್ದು."

"ಸರಿಯಾಗೇ ಹೇಳ್ತೀನಿ. ಮೊದಲ ವರ್ಷ ದೊಡ್ಡ ಸಂಬಳ ಏನಿಲ್ಲ, ಬಟ್ಟೆ ಅಂಗಡಿಯಷ್ಟೇ ಅಂತಿಟ್ಕೊ. ಏಣಿ ಹತ್ತಬೇಕು, ಬಾಯ್ಲರ್ ಪಕ್ಕ ಬೇಯಬೇಕು, ಧೂಳು ಕುಡೀಬೇಕು. ಆದ್ರೆ ಅಳೆಯೋದು ಕಲಿತ ಮೇಲೆ ಏರುತ್ತೆ. ಸರ್ಟಿಫಿಕೇಟು ಕೈಗೆ ಬಂದ್ರೆ ಇನ್ನೂ ಏರುತ್ತೆ. ಬಿಲ್ಲಿಂಗ್ ಕೌಂಟರಲ್ಲಿ ಎಷ್ಟು ವರ್ಷ ಕೂತ್ರೂ ಅದೇ ಕುರ್ಚಿ. ನಮ್ಮ ಕಂಪನೀಲಿ ಕೆಲಸ ರಾಶಿ ಬಿದ್ದಿದೆ ಭಾವ, ಮಾಡೋಕೆ ಜನ ಇಲ್ಲ. ಮೋಟಾರು ಬಲ್ಲೋರು, ಪೈಪು ಬಲ್ಲೋರು, ಎಸಿ ಬಲ್ಲೋರು, ಎಲ್ಲರೂ ಬೇಕು."

"ಮೋಟಾರು ಬಲ್ಲೋರಾ?" ಅಣ್ಣ ಹುಬ್ಬೇರಿಸಿದ. "ಈ ಊರಲ್ಲಿ ನನಗಿಂತ ಬಲ್ಲೋರು ಯಾರಿದ್ದಾರೆ? ತಗೊಂಬಾ ನಿನ್ನ ಮೀಟರು. ನಾಳೆ ಐಸ್ ಫ್ಯಾಕ್ಟರೀಲೇ ನೋಡೇಬಿಡೋಣ. ನಾನು ಕಟ್ಟಿದ ಮೋಟಾರಲ್ಲಿ ತಪ್ಪು ಸಿಕ್ರೆ ಇವಳು ತರಬೇತಿಗೆ ಹೋಗ್ಲಿ. ಸಿಗ್ಲಿಲ್ಲಾಂದ್ರೆ ಬಟ್ಟೆ ಅಂಗಡಿ!"

ಮಾತು ಕಡ್ಡಿ ತುಂಡು ಮಾಡಿದ ಹಾಗಿತ್ತು. ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಪ್ಪನ ತಪ್ಪು ಸಿಕ್ಕರೆ ತನಗೆ ದಾರಿ, ಅಪ್ಪನಿಗೆ ಅವಮಾನ. ಗೆಲ್ಲಬೇಕೋ ಸೋಲಬೇಕೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಮೂವರೂ ಐಸ್ ಫ್ಯಾಕ್ಟರಿಗೆ ಹೋದರು. ಅಲ್ಲಿ ಒದ್ದೆ ನೆಲದ ಮೇಲಿದ್ದ ಮೋಟಾರುಗಳಲ್ಲಿ ಒಂದೇ ಕಂಪನಿಯ, ಒಂದೇ ಅಳತೆಯವು ಎರಡಿದ್ದವು. ಒಂದು ಇದುವರೆಗೆ ಸುಟ್ಟೇ ಇರಲಿಲ್ಲ. ಇನ್ನೊಂದು ಮತ್ತೆ ಮತ್ತೆ ಸುಟ್ಟು ಅಣ್ಣನ ಅಂಗಡಿಗೆ ಹೋಗಿ ಬಂದಿತ್ತು. ಸಾಹುಕಾರರು ಕೈಕಟ್ಟಿಕೊಂಡು ನಿಂತರು. ಅಣ್ಣನೇ ಬೆಲ್ಟು ಕಳಚಿದ. ಯಾವ ಕೆಲಸದ ಹೊರೆಯೂ ಇಲ್ಲದೆ ಎರಡನ್ನೂ ಬರಿದೇ ಓಡಿಸಿದರು. ಮಗಳು ಮೀಟರು ಹಚ್ಚಿದಳು. ಒಮ್ಮೆ ನೋಡಿದಳು, ತಂತಿ ಸರಿಮಾಡಿ ಮತ್ತೊಮ್ಮೆ ನೋಡಿದಳು. ಅಣ್ಣ ಕಟ್ಟಿದ ಮೋಟಾರು ಸುಮ್ಮನೆ ತಿರುಗುವುದಕ್ಕೇ ಇನ್ನೊಂದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಮೈ ಮುಟ್ಟಲಾರದಷ್ಟು ಬಿಸಿಯಾಯಿತು. ಇನ್ನೊಂದು ಬೆಚ್ಚಗಿತ್ತು, ಅಷ್ಟೆ.

ಅಣ್ಣ ಬಗ್ಗಿದ. ಬೇರಿಂಗ್ ನೋಡಿದ, ಸರಿಯಿತ್ತು. ಬಿಚ್ಚಿಸಿ ತಂತಿಯ ದಪ್ಪ ನೋಡಿದ, ಅದೂ ಸರಿಯಿತ್ತು. "ಎಲ್ಲಾ ನೆಟ್ಟಗಿದೆ. ಕಟ್ಟಿದ್ದರಲ್ಲಿ ತಪ್ಪಿಲ್ಲ," ಎಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಕಟ್ಟಿದ್ದರಲ್ಲಿ ಇಲ್ಲ ಅಪ್ಪ," ಎಂದಳು ಮಗಳು ಮೆಲ್ಲಗೆ. "ಬಿಚ್ಚಿದ್ದರಲ್ಲಿದೆ."

ಅಣ್ಣ ತಲೆಯೆತ್ತಿದ.

ಭಾವಮೈದ ಅಲ್ಲೇ ಬಿದ್ದಿದ್ದ ಹಳೆಯ ಪೇಪರಿನ ಕಟ್ಟು ಎತ್ತಿಕೊಂಡ. "ನೋಡಿ ಭಾವ, ಮೋಟಾರಿನ ಕಬ್ಬಿಣದ ಗೂಡು ಇಡೀ ಗಟ್ಟಿ ಕಬ್ಬಿಣ ಅಲ್ಲ ಅನ್ನೋದು ನಿಮಗೇ ಗೊತ್ತು. ಈ ಪೇಪರಿನ ಹಾಗೆ ತೆಳು ತಗಡುಗಳನ್ನ ಒತ್ತಿ ಜೋಡಿಸಿರ್ತಾರೆ. ಒಂದೊಂದು ತಗಡಿಗೂ ತೆಳ್ಳಗೆ ಒಂದು ಲೇಪ ಇರುತ್ತೆ, ಒಂದರಿಂದ ಇನ್ನೊಂದಕ್ಕೆ ಕರೆಂಟು ದಾಟದ ಹಾಗೆ. ಕೆಂಪಗೆ ಕಾಯಿಸಿದ್ರೆ ಆ ಲೇಪ ಸುಟ್ಟುಹೋಗುತ್ತೆ. ಆಮೇಲೆ ಕರೆಂಟು ತಗಡಿಂದ ತಗಡಿಗೆ ದಾಟಿ ಅಲ್ಲೇ ಸುತ್ತು ಹೊಡೆದು ಬಿಸಿಯಾಗಿ ಪೋಲಾಗುತ್ತೆ. ಮೋಟಾರು ಓಡುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಈ ಬಿಸಿಗೇ ಅದು ಬೇಗ ಬೇಗ ಸುಡ್ತಾ ಇರೋದು."

"ಕೋರ್ಸಲ್ಲಿ ಇದನ್ನ ಓದಿದ್ದೆ. ನಾನಾಗಿ ಹೇಳೋಕೆ ಧೈರ್ಯ ಬರ್ಲಿಲ್ಲ ಅಪ್ಪ," ಎಂದಳು ಮಗಳು.

ಅಣ್ಣನಿಗೆ ನಾಚಿಕೆಯಾಯಿತು. ಯಾವ ಬೆಂಕಿಯನ್ನು ನೋಡಿ ಜನ ಭೇಷ್ ಅಂದಿದ್ದರೋ ಅದೇ ಬೆಂಕಿ ಇಷ್ಟು ವರ್ಷ ಊರಿನ ಮೋಟಾರುಗಳನ್ನು ಕೆಡಿಸುತ್ತಾ ಬಂದಿತ್ತು. ಮೋಟಾರು ಹಳೆಯದಾಯಿತು ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ತಗಡು, ಲೇಪದ ಮಾತು ಸಾಹುಕಾರರಿಗೆ ಅರ್ಥವಾದಂತೆ ಕಾಣಲಿಲ್ಲ. ಅವನು ಕೈ ಒರೆಸಿಕೊಂಡು ಅವರ ಮುಂದೆ ನಿಂತ.

"ಸಾಹುಕಾರ್ರೇ, ತಪ್ಪು ನಂದೇ. ಇದನ್ನ ಇನ್ನು ಕಟ್ಟಿಸ್ಬೇಡಿ, ನಾನೂ ಕಟ್ಟಲ್ಲ. ಕಡಿಮೆ ಕರೆಂಟು ತಿನ್ನೋ ಹೊಸ ಮೋಟಾರು ಹಾಕ್ಸಿ. ನಾನು ಕಟ್ಟಿದ ಉಳಿದವನ್ನೂ ಅಳೆದು ನೋಡ್ಸಿ."

ಸಾಹುಕಾರರು ಕೈಕಟ್ಟು ಬಿಟ್ಟರು. "ಯಾರ ಹತ್ರ ನೋಡ್ಸಲಿ ಅಣ್ಣ? ಎರಡು ಕಂಪನಿಗೆ ಹೇಳಿ ಸಾಕಾಯ್ತು. ಕಳಿಸೋಕೆ ಜನ ಇಲ್ಲ ಅಂತಾರೆ. ಅಳೆಯೋಕೂ ಬಂದು, ರಿಪೇರಿನೂ ಬರೋರು ಊರಲ್ಲೇ ಒಬ್ರಿದ್ರೆ ನಾನು ಬೇರೆ ಕಡೆ ಯಾಕೆ ಹೋಗ್ಲಿ? ನನ್ನಂಥೋರು ಇನ್ನೂ ಹತ್ತಾರು ಜನ ಇದ್ದೀವಿ."

ಮೂವರೂ ಮನೆಗೆ ಬಂದರು. ಬಾಗಿಲಲ್ಲಿ ಹೆಂಡತಿ, "ಏನಾಯ್ತು?" ಎಂದಳು.

"ಸ್ವಿಚ್ ಆರಿಸೋನು ಗೆದ್ದ," ಎಂದ ಅಣ್ಣ. ಆಮೇಲೆ ಭಾವಮೈದನ ಕಡೆ ತಿರುಗಿದ. "ಬೆಂಕಿ ಇಲ್ದೆ ತಂತಿ ಹೇಗಯ್ಯ ಬಿಚ್ಚೋದು?"

"ಶಾಖ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಓವನ್ ಇದೆ ಭಾವ. ತರಬೇತೀಲಿ ಅದನ್ನೂ ಕಲಿಸ್ತಾರೆ. ಕೆಲಸ ಮಾಡೋರಿಗೆ ಅಂತ ಸಂಜೆ ಬ್ಯಾಚೂ ಇದೆ," ಎಂದು ಅವನು ಬೇಕೆಂದೇ ಬೇರೆಲ್ಲೋ ನೋಡುತ್ತಾ ಹೇಳಿದ.

ಮರುದಿನ ಅಪ್ಪ ಮಗಳು ತರಬೇತಿ ಕೇಂದ್ರದ ಕಿಟಕಿಯ ಮುಂದೆ ನಿಂತಿದ್ದರು. ಒಳಗಿದ್ದ ಮೇಡಂ ಮಗಳ ಹೆಸರು ಬರೆದುಕೊಂಡು, "ನೀವು ತಂದೆಯವರಾ? ಇಲ್ಲೊಂದು ಸಹಿ ಹಾಕಿ," ಎಂದರು.

ಅಣ್ಣ ಸಹಿ ಹಾಕಿದ. ಪೆನ್ನು ಮಾತ್ರ ವಾಪಸು ಕೊಡಲಿಲ್ಲ. "ಮೇಡಂ, ಇನ್ನೊಂದು ಅರ್ಜಿ ಕೊಡಿ. ಸಂಜೆ ಬ್ಯಾಚಿಗೆ."

"ಯಾರಿಗೆ?"

"ನಂಗೇ. ಮೋಟಾರು ಬಿಚ್ಚೋದು ಕಲೀಬೇಕು."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಕಣ್ಣು ತುಂಬಿ ಬಂದರೂ ಬಾಯಿ ಸುಮ್ಮನಿರಲಿಲ್ಲ. "ಅಪ್ಪ, ನಾನು ಬೆಳಗಿನ ಬ್ಯಾಚು. ಸಂಜೆ ಹೋಂವರ್ಕ್ ನಂದು ನೋಡಿ ಬರೀಬೇಡ, ಅಷ್ಟೇ."

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲೂ ಮೋಟಾರು, ಪೈಪು, ಫ್ರಿಜ್ಜು, ವೈರಿಂಗ್ ಬಲ್ಲ ಕೈಗಳು ಇರಬಹುದು. ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಗನೋ ಮಗಳೋ ಇರಬಹುದು. ಕರೆಂಟು ಉಳಿಸುವುದು ಒಂದು ಕಸುಬು. ಅದಕ್ಕೆ ಕೂಲಿ ಇದೆ, ಕಲಿತಷ್ಟೂ ಏರುವ ದಾರಿ ಇದೆ. ಹತ್ತಿರದ ತರಬೇತಿ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಶುಲ್ಕ ಎಷ್ಟು, ಸರ್ಟಿಫಿಕೇಟು ಯಾರು ಕೊಡುತ್ತಾರೆ, ಮೊದಲ ಸಂಬಳ ಎಷ್ಟಿರುತ್ತದೆ, ಹಿಂದಿನ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಮಗಳನ್ನು ಸೇರಿಸಲು ಹೋದಾಗ ಪೆನ್ನು ಕೈಯಲ್ಲೇ ಇರಲಿ. ನಿಮಗೂ ಒಂದು ಅರ್ಜಿ ಕೇಳಿ ನೋಡಿ.